ಅಕ್ಕ ಹೇಗಿದ್ದಾರೆ, ಮೇಡಂ?

ನಮ್ಮ ಪಿ.ಟಿ. ಮೇಡಂ ಹೋದ ತಿಂಗಳು ತೀರಿಕೊಂಡರು. ಬೆಳಿಗ್ಗೆ ವಾಕಿಂಗ್ ಮುಗಿಸಿ ಬನ್ನಿಮಂಟಪದ ಮನೆಗೆ ಬಂದು, ಬಾಗಿಲ ಮುಂದಿನ ಕಲ್ಲಿನ ಮೇಲೆ ಶೂ ಬಿಚ್ಚಲು ಕೂತವರು ಮತ್ತೆ ಏಳಲಿಲ್ಲವಂತೆ. ಒಂದು ಶೂ ಬಿಚ್ಚಿ ಆಗಿತ್ತಂತೆ. ಹಾಲು ಹಾಕಲು ಬಂದವರು ನೋಡಿ ಪಕ್ಕದ ಮನೆಯವರನ್ನು ಕೂಗಿದರು. ಸುದ್ದಿ ಕೇಳಿದಾಗ ನನಗೆ ಮೊದಲು ಅನ್ನಿಸಿದ್ದು, ಅಬ್ಬಾ, ಕೊನೆಗಾದರೂ ಕೂತಿದ್ದರಲ್ಲ ಎಂದು. ಯಾಕೆಂದರೆ ನಮ್ಮ ಶಾಲೆಯಲ್ಲಿ ಅವರು ಕೂತಿದ್ದನ್ನು ಕಂಡವರು ಕಡಿಮೆ.

ನಾನು ಗಣಿತದ ಟೀಚರಾಗಿ ಆ ಶಾಲೆಗೆ ಸೇರಿದಾಗ ಅವರು ಆಗಲೇ ಹಳಬರು. ಮಕ್ಕಳಿಗೂ ನಮಗೂ ಅವರು ಪಿ.ಟಿ. ಮೇಡಂ ಅಷ್ಟೇ. ಅವರ ಹೆಸರನ್ನು ಬಳಸುತ್ತಿದ್ದದ್ದು ಸಂಬಳದ ದಿನ ಆಫೀಸಿನವರು ಮಾತ್ರ. ಎತ್ತರದ ಆಳು. ಹತ್ತಿ ಸೀರೆಯನ್ನು ಒಂದು ಗೇಣು ಮೇಲಕ್ಕೆ ಉಟ್ಟು, ಕೆಳಗೆ ಬಿಳಿ ಶೂ ಹಾಕಿ ಮೈದಾನದಲ್ಲಿ ಓಡಾಡುತ್ತಿದ್ದರು. ಕೊರಳಲ್ಲಿ ಸೀಟಿ ನೇತಾಡುತ್ತಿದ್ದರೂ ಊದುತ್ತಿರಲಿಲ್ಲ, ಚಪ್ಪಾಳೆ ತಟ್ಟುತ್ತಿದ್ದರು. ಹೆಣ್ಣುಮಕ್ಕಳನ್ನು ಸೀಟಿ ಹೊಡೆದು ಕರೆಯಬಾರದು ಎಂಬುದು ಅವರ ನಿಯಮ. ದಸರಾ ಪಂಜಿನ ಕವಾಯತಿನ ತಾಲೀಮಿಗೆ ಮೈದಾನ ಮುಚ್ಚಿದರೆ, ಶಾಲೆಯ ಹಿಂದಿನ ಓಣಿಯಲ್ಲೇ ಹುಡುಗಿಯರನ್ನು ಓಡಿಸುತ್ತಿದ್ದರು. ಮನೆಗಳ ಮುಂದೆ ಒಣಗಿಹಾಕಿದ ಬಟ್ಟೆಗಳ ಕೆಳಗೆ ತಲೆ ಬಗ್ಗಿಸಿ ಓಡುವ ಹುಡುಗಿಯರು, ಅವರ ಹಿಂದೆ ಚಪ್ಪಾಳೆ ತಟ್ಟುತ್ತಾ ಈ ಎತ್ತರದ ಹೆಂಗಸು. ಓಣಿಯವರೆಲ್ಲ ಹೊರಗೆ ಬಂದು ನೋಡುತ್ತಿದ್ದರು.

ಮಧ್ಯಾಹ್ನದ ಡಬ್ಬಿಯನ್ನೂ ಅವರು ನಿಂತೇ ತಿನ್ನುತ್ತಿದ್ದರು, ಮೈದಾನದ ಅಂಚಿನ ಹೊಂಗೆ ಮರದ ಕೆಳಗೆ. ಸ್ಟಾಫ್ ರೂಮಿಗೆ ಬನ್ನಿ ಎಂದರೆ ಮಕ್ಕಳನ್ನು ನೋಡ್ಕೋಬೇಕಲ್ಲ ಎನ್ನುತ್ತಿದ್ದರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವರು ಊಟಕ್ಕೆ ಕೂತಾಗ ಪಕ್ಕದಲ್ಲಿದ್ದ ಇಬ್ಬರು ತಮ್ಮ ಡಬ್ಬಿಗಳನ್ನು ಎತ್ತಿಕೊಂಡು ಇನ್ನೊಂದು ಮೇಜಿಗೆ ಹೋಗಿದ್ದರು ಎಂಬುದು ನನಗೆ ಬಹಳ ತಡವಾಗಿ ಗೊತ್ತಾಯಿತು. ಆ ಇಬ್ಬರೂ ನಾನು ಬರುವ ಮುಂಚೆಯೇ ನಿವೃತ್ತರಾಗಿದ್ದರು. ಮೇಡಂ ಮಾತ್ರ ಮರದ ಕೆಳಗೇ ಉಳಿದರು. ಆ ಇಬ್ಬರು ಎದ್ದು ಹೋದ ದಿನ ಮನೆಗೆ ಹೋಗಿ ತಮ್ಮ ಅಕ್ಕನ ಹತ್ತಿರ ಹೇಳಿದ್ದಕ್ಕೆ ಅಕ್ಕ, ನಿಂತ್ಕೊಂಡೇ ತಿನ್ನು, ಆದ್ರೆ ಹೊಟ್ಟೆ ತುಂಬಾ ತಿನ್ನು ಅಂದಿದ್ದರಂತೆ.

ಈ ಅಕ್ಕನನ್ನು ನಮ್ಮಲ್ಲಿ ಯಾರೂ ನೋಡಿರಲಿಲ್ಲ. ಆದರೂ ಎಲ್ಲರಿಗೂ ಅವರ ಪರಿಚಯವಿತ್ತು. ಟಿ. ನರಸೀಪುರದ ಕಡೆಯ ಹಳ್ಳಿಯಿಂದ ಬಂದು, ಊದುಬತ್ತಿ ಹೊಸೆದು ತಂಗಿಯನ್ನು ಓದಿಸಿದವರು. ಇಬ್ಬರೂ ಮದುವೆಯಾಗಲಿಲ್ಲ. ಮೇಡಂ ಮಾತಿನಲ್ಲಿ ಅಕ್ಕ ದಿನಾ ಬರುತ್ತಿದ್ದರು. ಅಕ್ಕ ಇವತ್ತು ಕೇಬಲ್ ಟಿವಿಯವರ ಮೇಲೆ ಜಗಳಕ್ಕೆ ನಿಂತಿದ್ದಳು. ಅಕ್ಕಂಗೆ ಮೊಣಕಾಲು ನೋವು. ಯಾವುದಾದರೂ ನಾಮಕರಣಕ್ಕೋ ಗೃಹಪ್ರವೇಶಕ್ಕೋ ಕರೆದರೆ, ಅಕ್ಕ ಕಾಯ್ತಾ ಇರ್ತಾಳೆ ಕಣ್ರೀ, ಎಂದು ಹೊರಟುಬಿಡುತ್ತಿದ್ದರು. ಬೆಳಿಗ್ಗೆ ಅವರು ಎದುರಾದರೆ ನಮ್ಮ ಬಾಯಲ್ಲಿ ನಮಸ್ಕಾರದ ಬದಲು ಬರುತ್ತಿದ್ದ ಮಾತೇ, ಅಕ್ಕ ಹೇಗಿದ್ದಾರೆ ಮೇಡಂ?

ಅವರ ನಿವೃತ್ತಿಯ ವರ್ಷದ ಬೇಸಿಗೆ ರಜೆಯಲ್ಲಿ ನಾವು ನಾಲ್ವರು ಹಿಮಾಲಯಕ್ಕೆ ಹೋದೆವು. ಮೇಡಂ, ನಾನು, ವಿಜ್ಞಾನದ ಟೀಚರ್ ಶಶಿಕಲಾ, ಹಿಂದಿ ಟೀಚರ್ ನಸ್ರೀನ್. ಹೊರಡಿಸಿದವರು ಮೇಡಂ. ನಾನು ಹಿಮ ಮುಟ್ಟಿಲ್ಲ ಎಂದು ಒಂದು ದಿನ ಹೇಳಿದರು, ಮಾರನೆಯ ವಾರದಿಂದಲೇ ನಮ್ಮನ್ನು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿಸಲು ಶುರು ಮಾಡಿದರು. ಬೆನ್ನಿಗೆ ಚೀಲ, ಚೀಲದಲ್ಲಿ ಭಾರಕ್ಕೆಂದು ಮಂಡಿ ಮೊಹಲ್ಲಾದ ನಸ್ರೀನ್ ಮನೆಯವರ ಅಂಗಡಿಯ ತೊಗರಿಬೇಳೆ. ಇಷ್ಟು ದಿನ ಅಕ್ಕನನ್ನು ನೋಡಿಕೊಳ್ಳುವವರು ಯಾರು ಎಂದು ಶಶಿ ಕೇಳಿದ್ದಕ್ಕೆ, ಊರಿಂದ ಅಣ್ಣನ ಸೊಸೆ ಬಂದಿರ್ತಾಳೆ ಎಂದರು.

ಟೆಂಟು, ಪಾತ್ರೆಗಳು ಹೇಸರಗತ್ತೆಯ ಮೇಲೆ. ನಮ್ಮ ಬಟ್ಟೆ, ಮಲಗುವ ಚೀಲ ನಮ್ಮ ಬೆನ್ನ ಮೇಲೆ. ಗೈಡ್ ಬಲಬೀರ್ ಅಲ್ಲಿಯದೇ ಒಂದು ಹಳ್ಳಿಯವನು, ನಮ್ಮದೇ ವಯಸ್ಸು. ಹತ್ತುವಾಗ ಮೇಡಂ ಎಲ್ಲರಿಗಿಂತ ಮುಂದೆ. ಪ್ರತಿದಿನ ಹೊರಡುವ ಮುಂಚೆ ನಮ್ಮ ಮೂವರ ಚೀಲದ ಪಟ್ಟಿಗಳನ್ನು ಎಳೆದು ನೋಡಿ ಬಿಗಿ ಮಾಡುತ್ತಿದ್ದರು. ಊಟದ ಹೊತ್ತಿಗೆ ಕಲ್ಲುಗಳ ನಡುವೆ ಪ್ಲಾಸ್ಟಿಕ್ ಹಾಸಿ, ಚಕ್ಕಂಬಕ್ಕಳ ಹಾಕಿ ಕೂತು, ನಮ್ಮ ಜೊತೆ ಒಂದೇ ತಟ್ಟೆಯಿಂದ ಅನ್ನ ತಿಂದರು. ನಸ್ರೀನ್ ತಂದ ಉಪ್ಪಿನಕಾಯಿಗೆ ಕೈಹಾಕಿ, ನನಗೆ ಅಂತ ಉಳಿಸ್ರಮ್ಮ ಎಂದರು. ಹಿಮ ಸಿಕ್ಕಿದ ದಿನ ಎರಡೂ ಕೈಯಲ್ಲಿ ಎತ್ತಿ ಮೂಸಿ ನೋಡಿ, ವಾಸನೆಯೇ ಇಲ್ವಲ್ಲ ಎಂದು ನಿರಾಸೆಪಟ್ಟರು.

ಎರಡು ಬೆಟ್ಟಗಳ ನಡುವಿನ ಎತ್ತರದ ಕಣಿವೆದಾರಿ, ಪಾಸ್, ದಾಟುವ ತನಕ ನಾವು ನಾಲ್ವರೂ ಒಂದೇ ಮನೆಯವರ ಹಾಗೆ ಇದ್ದೆವು. ದಾಟಿ ಇಳಿಯಲು ಶುರು ಮಾಡಿದ್ದೇ ತಡ, ಒಬ್ಬೊಬ್ಬರ ಮನಸ್ಸೂ ಒಂದೊಂದು ಮನೆಗೆ ಹೊರಟುಬಿಟ್ಟಿತು. ಶಶಿಗೆ ಮಗನ ರಿಸಲ್ಟಿನ ಚಿಂತೆ. ನಸ್ರೀನಳಿಗೆ ತಂಗಿಯ ಮಗಳ ನಿಶ್ಚಿತಾರ್ಥದ ಸೀರೆಗಳು. ನನಗೆ ರಾಜೀವನಗರದ ಮನೆಯಲ್ಲಿ ನಲ್ಲಿ ನೀರು ಸರಿಯಾಗಿ ಬರುತ್ತಿದೆಯೋ ಇಲ್ಲವೋ ಎಂಬ ಯೋಚನೆ. ಹಿಂದೆ ಉಳಿದ ಬೆಟ್ಟಗಳನ್ನು ನಾವು ತಿರುಗಿ ನೋಡುವುದನ್ನೂ ಬಿಟ್ಟೆವು. ಇಳಿಜಾರಿನಲ್ಲಿ ನಮ್ಮ ಕಾಲುಗಳು ತಾವಾಗಿಯೇ ಓಡುತ್ತಿದ್ದವು.

ಹಿಂದೆ ಬಿದ್ದವರು ಮೇಡಂ. ನೂರು ಹೆಜ್ಜೆಗೊಮ್ಮೆ ನಿಂತು ಶೂ ಲೇಸ್ ಬಿಚ್ಚಿ ಕಟ್ಟುವರು. ತೊರೆ ಸಿಕ್ಕಿದರೆ ಬಾಟಲಿ ತುಂಬಿದ್ದರೂ ಚೆಲ್ಲಿ ಮತ್ತೆ ತುಂಬುವರು. ಮೊಣಕಾಲು ನೋಯುತ್ತಿರಬೇಕು, ಹೇಳುತ್ತಿಲ್ಲ ಎಂದು ಶಶಿ ಎಣ್ಣೆ ತೆಗೆದುಕೊಂಡು ಹೋದಳು. ಮೇಡಂ ನಕ್ಕು ಕಾಲು ಚಾಚಿ ಹಚ್ಚಿಸಿಕೊಂಡರು. ಇವರಿಗೆ ಏನೂ ಆಗಿಲ್ಲ, ಹತ್ತುವಾಗ ನನಗಿಂತ ಜೋರಾಗಿದ್ದರು ಎಂದು ಬಲಬೀರ್ ನಸ್ರೀನಳ ಹತ್ತಿರ ಹಿಂದಿಯಲ್ಲಿ ಹೇಳಿದ್ದು ನನಗೂ ಅರ್ಥವಾಯಿತು.

ದೇವದಾರು ಮರಗಳು ಶುರುವಾಗುವ ಕಡೆ ಒಂದು ಬೋಳು ದಿಬ್ಬ ಬಂತು. ಇಲ್ಲಿ ಒಂದು ಕಂಪನಿಯ ಸಿಗ್ನಲ್ ಮಾತ್ರ ಸಿಗುತ್ತದೆ ಎಂದು ಬಲಬೀರ್ ಹೇಳಿದ್ದೇ ಎಲ್ಲರೂ ಚೀಲ ಇಳಿಸಿ ಫೋನ್ ತೆಗೆದರು. ಎಷ್ಟೋ ದಿನದ ಮೇಲೆ ಸಿಕ್ಕಿದ ಸಿಗ್ನಲ್ಲು. ಶಶಿ ಮಗನ ಜೊತೆ, ನಸ್ರೀನ್ ಅಮ್ಮನ ಜೊತೆ ಒಟ್ಟಿಗೇ ಮಾತಾಡತೊಡಗಿದರು. ನನ್ನ ಫೋನಿಗೆ ಏನೂ ಬರಲಿಲ್ಲ. ನನ್ನದೂ ಮೇಡಂದೂ ಇನ್ನೊಂದು ಕಂಪನಿಯ ಸಿಮ್ಮು, ಶಾಲೆಯ ಪಕ್ಕದ ಅಂಗಡಿಯಲ್ಲಿ ಇಬ್ಬರೂ ಒಟ್ಟಿಗೇ ಕೊಂಡಿದ್ದು. ನಸ್ರೀನ್ ಮುಗಿಸಲಿ ಎಂದು ನಾನು ಕಾದೆ. ಮೇಡಂ ಮಾತ್ರ ಫೋನ್ ನೋಡಿ, ಓ ನಂದು ಬರ್ತಾ ಇದೆ, ಅಕ್ಕಂಗೆ ಮಾಡ್ಬುಡ್ತೀನಿ ಎಂದು ದಿಬ್ಬದ ಆಚೆ ಇಳಿದರು.

ಅಲ್ಲಿ ಸಿಗುತ್ತಿದ್ದರೆ ನನಗೂ ಸಿಗಬೇಕಲ್ಲ. ನಾನು ಫೋನನ್ನು ಕೈಯೆತ್ತಿ ಹಿಡಿದುಕೊಂಡು ಅವರ ಹಿಂದೆಯೇ ಹೋದೆ. ಒಂದು ಬಂಡೆಗೆ ಒರಗಿ, ನನಗೆ ಬೆನ್ನು ಹಾಕಿ ಅವರು ಮಾತಾಡುತ್ತಿದ್ದರು.

"ಊಂ, ಊಟ ಆಯ್ತು ಕಣಕ್ಕ. ಚಳಿ ಏನಿಲ್ಲ. ನೀನು ಮಾತ್ರೆ ತಗೊಂಡ್ಯಾ? ಗಿಡಕ್ಕೆ ನೀರು ಹಾಕ್ಸು, ಮಲ್ಲಿಗೆ ಒಣಗೋದ್ರೆ ಆಮೇಲೆ ನನ್ನೇ ಬೈಬ್ಯಾಡ."

ನಡುನಡುವೆ ನಿಲ್ಲಿಸಿ, ಆ ಕಡೆಯ ಮಾತಿಗೆ ಕಿವಿಗೊಡುತ್ತಾ ತಲೆಯಾಡಿಸುತ್ತಿದ್ದರು. ಒಮ್ಮೆ ನಕ್ಕರು ಕೂಡ. ನಾನು ಅವರಿಂದ ಮೂರು ಮಾರು ದೂರದಲ್ಲಿದ್ದೆ. ನನ್ನ ಫೋನಿನಲ್ಲಿ ಸಿಗ್ನಲ್ಲಿನ ಒಂದು ಗೀರೂ ಇರಲಿಲ್ಲ. ಅವರು ಕಿವಿಯಿಂದ ಫೋನ್ ಇಳಿಸಿದರು. ಪರದೆ ಕಪ್ಪಗಿತ್ತು. ಅದನ್ನು ಸೆರಗಿನಂತೆ ಹೊದ್ದಿದ್ದ ಶಾಲಿನಲ್ಲಿ ಒರೆಸಿ, ಎದುರಿನ ಬೆಟ್ಟವನ್ನು ನೋಡುತ್ತಾ ನಿಂತುಬಿಟ್ಟರು. ಸದ್ದಾಗದಂತೆ ಹಿಂದಿರುಗಲು ಹೋದೆ, ಕಾಲ ಕೆಳಗಿನ ಜಲ್ಲಿ ಜಾರಿತು. ಅವರು ತಿರುಗಿ ನೋಡಿದರು.

ಅವತ್ತು ಮಧ್ಯಾಹ್ನವೇ ಕೊನೆಯ ಕ್ಯಾಂಪ್ ತಲುಪಿದೆವು. ಹೊಳೆಯ ದಂಡೆ, ಬಿಸಿಲು ಚೆನ್ನಾಗಿತ್ತು. ಶಶಿ, ನಸ್ರೀನ್ ಟೆಂಟಿನಲ್ಲಿ ಮಲಗಿದರು. ಮೇಡಂ ನೀರಿನ ಅಂಚಿನಲ್ಲಿ ಎಲ್ಲರ ಕಾಲುಚೀಲಗಳನ್ನು ಒಗೆದು ಕಲ್ಲಿನ ಮೇಲೆ ಹರಡುತ್ತಿದ್ದರು. ನಾನು ಹೋಗಿ ಪಕ್ಕದಲ್ಲಿ ಕೂತೆ. ಇನ್ನೊಂದು ಜೋಡಿ ಹರಡಿ ಅವರೇ ಕೇಳಿದರು, ನೀವು ಕೇಳಿಸ್ಕೊಂಡ್ರಿ ಅಲ್ವಾ ಎಂದು. ನನ್ನ ಫೋನಿಗೂ ಸಿಗ್ನಲ್ ಬರಲಿಲ್ಲ ಮೇಡಂ ಎಂದೆ.

ಒಗೆಯುತ್ತಲೇ ಹೇಳಿದರು. ಅಕ್ಕ ಹೋಗಿ ಎರಡು ವರ್ಷದ ಮೇಲಾಗಿತ್ತು. ದೀಪಾವಳಿ ರಜೆಯಲ್ಲಿ ಆಗಿದ್ದು. ಊರಿಗೆ ತೆಗೆದುಕೊಂಡು ಹೋಗಿ ಮಣ್ಣು ಮಾಡಿ, ಎಲ್ಲ ಮುಗಿಸಿ, ಶಾಲೆ ಶುರುವಾದ ದಿನ ಸರಿಯಾಗಿ ಬಂದಿದ್ದರು. ಗೇಟಿನಲ್ಲೇ ಶಶಿ ಸಿಕ್ಕಿ, ಅಕ್ಕ ಹೇಗಿದ್ದಾರೆ ಮೇಡಂ, ಹಬ್ಬ ಜೋರಾ ಎಂದು ಕೇಳಿದಳು. ಚೆನ್ನಾಗಿದ್ದಾಳೆ ಅಂತ ಬಾಯಿಗೆ ಬಂದುಬಿಟ್ಟಿತು. ಸಂಜೆ ಹೇಳಿದರಾಯಿತು ಅಂದುಕೊಂಡರು, ಹೇಳಲಾಗಲಿಲ್ಲ. ನಾಳೆ ಎಂದುಕೊಂಡರು. ಆಮೇಲೆ ಹೇಳುವುದು ಬೇಡ ಅನ್ನಿಸಿತು.

ಯಾಕೆ ಮೇಡಂ ಎಂದೆ.

ಕೈಯಲ್ಲಿದ್ದ ಕಾಲುಚೀಲವನ್ನು ಹಿಂಡಿ ಹಿಡಿದುಕೊಂಡೇ ಹೇಳಿದರು. "ಸತ್ತೋದ್ಳು ಅಂದ್ರೆ ಎಲ್ರೂ ಬರ್ತೀರಾ, ಒಂದು ಗಳಿಗೆ ಕೂತಿದ್ದು ಓಯ್ತೀರಾ. ತಪ್ಪಲ್ಲ ಅದು, ಎಲ್ರೂ ಅಂಗೇ. ಆಮೇಲೆ ಅವಳ ಸುದ್ದಿ ಯಾರು ಎತ್ತಾರೆ? ಹೇಳ್ದೆ ಇದ್ರೆ ದಿನಾ ಒಬ್ರಾದ್ರೂ ಕೇಳ್ತೀರಾ ಕಣಮ್ಮ, ಅಕ್ಕ ಎಂಗವ್ರೆ ಅಂತ. ಬಂದು ಕೇಳೋರು ಇರೋ ತನಕ ನಂಗೂ ಒಂದು ಮನೆ ಐತೆ ಅನ್ಸುತ್ತೆ."

ಶಾಲೆಯಲ್ಲಿ ಅವರು ಹೀಗೆ ಊರ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಇನ್ನು ತಿಂಗಳೊಪ್ಪತ್ತಿನಲ್ಲಿ ರಿಟೈರು, ಆಮೇಲೆ ಕೇಳುವವರೂ ಇರುವುದಿಲ್ಲ ಎಂದರು. ಅಳಲಿಲ್ಲ. ಉಳಿದ ಇಬ್ಬರಿಗೆ ಹೇಳಬೇಡಿ ಎಂದೂ ಕೇಳಿಕೊಳ್ಳಲಿಲ್ಲ. ಕಾಲುಚೀಲಗಳನ್ನು ಜೋಡಿ ಜೋಡಿಯಾಗಿ ಹೊಂದಿಸಿ, ಹಾರಿಹೋಗದಂತೆ ಒಂದೊಂದರ ಮೇಲೂ ಕಲ್ಲು ಇಟ್ಟರು. ನಾನು ಅವರ ಪಕ್ಕದಲ್ಲಿ ಬಿಸಿಲು ಬೆಟ್ಟದ ಹಿಂದೆ ಹೋಗುವ ತನಕ ಕೂತಿದ್ದೆ. ನನಗೆ ತೋಚಿದ್ದು ಅಷ್ಟೇ.

ಮರುದಿನ ಬೆಳಿಗ್ಗೆ ಜೀಪು ಬರುವ ರಸ್ತೆಗೆ ಇಳಿದೆವು. ಬಲಬೀರ್‌ನ ಹಳ್ಳಿ ಅಲ್ಲೇ ಮೇಲೆ ಕಾಣುತ್ತಿತ್ತು, ಕಲ್ಲು ಹಾಸಿನ ಸೂರಿನ ಕೆಲವು ಮನೆಗಳು. ನಮ್ಮ ಚೀಲಗಳು ಜೀಪಿನ ಮೇಲೆ ಹೋದವು. ಮೇಡಂ ತಮ್ಮ ಚೀಲವನ್ನು ಕೊಡಲಿಲ್ಲ. ಬಲಬೀರ್‌ನ ತಾಯಿ ಒಂದು ಕೋಣೆ ಕೊಡುತ್ತಾರಂತೆ, ಸ್ವಲ್ಪ ದಿನ ಇದ್ದು ಬರ್ತೀನಿ, ನೀವು ಹೊರಡಿ ಎಂದರು.

ನಸ್ರೀನ್ ತಮಾಷೆ ಎಂದುಕೊಂಡು ನಕ್ಕಳು. ಶಶಿಗೆ ಸಿಟ್ಟು ಬಂತು. ಜೊತೆಗೆ ಬಂದವರು ಜೊತೆಗೇ ಹೋಗಬೇಕು, ರೈಲಿಗೆ ಟಿಕೆಟ್ ಆಗಿದೆ, ಭಾಷೆ ಬಾರದ ಊರಿನಲ್ಲಿ ಒಬ್ಬರನ್ನೇ ಬಿಟ್ಟು ಹೇಗೆ ಹೋಗುವುದು ಎಂದು ಒಂದೇ ಉಸಿರಿಗೆ ಹೇಳಿದಳು. ಮೇಡಂ ಎಲ್ಲದಕ್ಕೂ ತಲೆಯಾಡಿಸಿದರು, ಜಾಗ ಬಿಟ್ಟು ಕದಲಲಿಲ್ಲ. ಕೊನೆಗೆ ಶಶಿ ಹೇಳಿದಳು, "ಅಲ್ಲಾ ಮೇಡಂ, ಅಲ್ಲಿ ಅಕ್ಕ ದಾರಿ ನೋಡ್ತಾ ಇರ್ತಾರೆ. ವಯಸ್ಸಾದ ಜೀವ. ಅವರಿಗೆ ಏನು ಹೇಳೋಣ?"

ಮೈದಾನದ ಆ ತುದಿಗೂ ಕೇಳುವ ಗಂಟಲಿನ ಹೆಂಗಸು ತಮ್ಮ ಶೂಗಳನ್ನು ನೋಡುತ್ತಾ ನಿಂತಿದ್ದರು. ಜೀಪಿನ ಡ್ರೈವರ್ ಹಾರ್ನ್ ಮಾಡಿದ. ಒಂದು ಮಾತಿನಲ್ಲಿ ಅವರ ಗುಟ್ಟು ಹೊರಬೀಳುವ ಹೊತ್ತು ಅದು.

"ಅಕ್ಕಂಗೆ ನಾನು ಹೇಳ್ತೀನಿ ಕಣೇ ಶಶಿ," ಎಂದೆ. "ಊರಿಗೆ ಹೋದ ತಕ್ಷಣ ಬನ್ನಿಮಂಟಪಕ್ಕೆ ಹೋಗಿ ನೋಡ್ಕೊಂಡು ಬರ್ತೀನಿ."

ಮೇಡಂ ತಲೆಯೆತ್ತಿ ನನ್ನನ್ನು ನೋಡಿದರು. ಹತ್ತಿರ ಬಂದು ನನ್ನ ಭುಜದಲ್ಲಿದ್ದ ಸಣ್ಣ ಕೈಚೀಲದ ಪಟ್ಟಿಯನ್ನು ಎಳೆದು ಬಿಗಿ ಮಾಡಿದರು. ಅದು ಬಿಗಿಯಾಗಿಯೇ ಇತ್ತು. "ಹೇಳಿ. ನಾನು ಚೆನ್ನಾಗಿದ್ದೀನಿ ಅಂತ ಹೇಳಿ," ಎಂದರು. ಜೀಪು ಮೊದಲ ತಿರುವು ತಿರುಗುವಾಗ ಹಿಂದೆ ನೋಡಿದೆ. ಅವರು ನಮಗೆ ಕೈ ಬೀಸುತ್ತಾ ನಿಂತಿರಲಿಲ್ಲ. ಚೀಲ ಬೆನ್ನಿಗೇರಿಸಿ, ಬಲಬೀರ್‌ಗಿಂತ ಮುಂದೆ, ಹಳೆಯ ವೇಗದಲ್ಲಿ ಹತ್ತುತ್ತಿದ್ದರು.

ಮೈಸೂರಿಗೆ ಬಂದ ಮೇಲೆ ನಾನು ನಿಜವಾಗಿಯೂ ಬನ್ನಿಮಂಟಪಕ್ಕೆ ಹೋದೆ. ವಿಳಾಸ ಹುಡುಕಲು ಕಷ್ಟವಾಗಲಿಲ್ಲ, ಓಣಿಯ ಹುಡುಗಿಯರಿಗೆಲ್ಲ ಆ ಮನೆ ಗೊತ್ತಿತ್ತು. ಬಾಗಿಲಿಗೆ ಬೀಗ. ಕಿಟಕಿಯಿಂದ ಒಳಗೆ ಒಂದು ಬುದ್ಧನ ಪಟ, ಎರಡು ಕುರ್ಚಿ ಕಂಡವು. ಮೆಟ್ಟಿಲ ಪಕ್ಕ ಡಬ್ಬದಲ್ಲಿ ಮಲ್ಲಿಗೆ ಬಾಡಿತ್ತು. ಪಕ್ಕದ ಮನೆಯಲ್ಲಿ ಒಂದು ಚೊಂಬು ನೀರು ಇಸಿದುಕೊಂಡು ಹಾಕಿದೆ. ಹೇಳುತ್ತೇನೆ ಎಂದು ಮಾತು ಕೊಟ್ಟಿದ್ದೆ. ಆದರೆ ಮುಚ್ಚಿದ ಬಾಗಿಲಿನ ಮುಂದೆ ನಿಂತು ಹೇಳಲು ನನಗೆ ಬಾಯಿ ಬರಲಿಲ್ಲ. ಆ ಓಣಿಯಿಂದ ಹೊರಗೆ ಬರುವಾಗ, ಇಲ್ಲದ ಅಕ್ಕನ ಜೊತೆ ಮಾತಾಡುವುದನ್ನು ಅವರು ದಿನಾ ಸಂಜೆ ಹೇಗೆ ಮಾಡುತ್ತಿದ್ದರು ಎಂದುಕೊಂಡೆ.

ಮೇಡಂ ತಮ್ಮ ಬೀಳ್ಕೊಡುಗೆಗೆ ಸರಿಯಾಗಿ ವಾಪಸು ಬಂದರು, ಬಿಸಿಲಿಗೆ ಮೂಗಿನ ಸಿಪ್ಪೆ ಸುಲಿದಿತ್ತು. ಇನ್ನಾದರೂ ಅಕ್ಕನ ಜೊತೆ ಆರಾಮಾಗಿ ಇರಿ ಎಂದು ಹೆಡ್‌ಮಾಸ್ಟರು ಭಾಷಣದಲ್ಲಿ ಹೇಳಿದಾಗ ಕೈಮುಗಿದರು. ನನ್ನ ಕಡೆ ನೋಡಲಿಲ್ಲ.

ಆಮೇಲೆ ನಾನು ಭಾನುವಾರಗಳಲ್ಲಿ ಫೋನ್ ಮಾಡುತ್ತಿದ್ದೆ. ಅಕ್ಕ ಹೇಗಿದ್ದಾರೆ ಮೇಡಂ ಎಂದೇ ಶುರು ಮಾಡುತ್ತಿದ್ದೆ. ಅವರು ಹೇಳುತ್ತಿದ್ದರು. ಅಕ್ಕ ಇವತ್ತು ಸೊಪ್ಪಿನವಳ ಹತ್ತಿರ ಚೌಕಾಸಿ ಮಾಡಿ ಗೆದ್ದಳು. ಅಕ್ಕಂಗೆ ಈ ಸಲ ಚಳಿ ಜಾಸ್ತಿ. ನಾನು ಊಂಗುಟ್ಟುತ್ತಿದ್ದೆ. ಮಾತು ಮುಗಿಯುವ ಹೊತ್ತಿಗೆ ಅವರ ದನಿ ಹಗುರಾಗಿರುತ್ತಿತ್ತು, ನನ್ನದು ಭಾರವಾಗಿರುತ್ತಿತ್ತು. ಒಂದು ಸಲ ತಡೆಯಲಾರದೆ, ನೀವು ಹೇಗಿದ್ದೀರಿ ಮೇಡಂ ಎಂದು ಕೇಳಿದೆ. ನಾನಾ, ನನಗೇನಾಗೈತೆ ಬುಡಿ ಎಂದು, ಅಕ್ಕ ಕರೀತಾ ಇದಾಳೆ, ಇಡ್ತೀನಿ ಎಂದು ಇಟ್ಟುಬಿಟ್ಟರು. ಮತ್ತೆ ನಾನು ಹಾಗೆ ಕೇಳಲಿಲ್ಲ.

ಅವರು ತೀರಿಕೊಂಡ ದಿನ ನಾವು ಮೂವರೂ ಒಂದೇ ಆಟೋದಲ್ಲಿ ಹೋದೆವು. ಪಾಪ ಅಕ್ಕನ ಗತಿ ಏನು ಎಂದು ಶಶಿ ದಾರಿಯುದ್ದಕ್ಕೂ ಅನ್ನುತ್ತಿದ್ದಳು. ಹೇಳಬೇಕು ಎಂದು ನಾನು ಒಂದೆರಡು ಸಲ ಅವಳ ಕೈ ಹಿಡಿದೆ, ಅವಳು ಅದನ್ನು ಸಮಾಧಾನ ಎಂದುಕೊಂಡಳು. ಮನೆಯಲ್ಲಿ ಊರಿನಿಂದ ಬಂದ ಅಣ್ಣನ ಮಗ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದ. ಬೌದ್ಧ ಭಿಕ್ಷು ಭಂತೇಜಿಯವರು ಬಂದು ಬುದ್ಧವಂದನೆ ಹೇಳಿಸಿದರು. ಅದು ಮುಗಿದ ಮೇಲೆ ಶಶಿ ಒಳಕೋಣೆಗೆ ಇಣುಕಿ ನೋಡಿ ಬಂದು, ಅಕ್ಕ ಎಲ್ಲಿದ್ದಾರೆ, ಒಂದು ಸಲ ಮಾತಾಡಿಸಬೇಕು ಎಂದು ಅಣ್ಣನ ಮಗನನ್ನು ಕೇಳಿದಳು. ಅವನಿಗೆ ಅರ್ಥವಾಗಲಿಲ್ಲ. ದೊಡ್ಡತ್ತೆನಾ, ಅವರು ಹೋಗಿ ನಾಕೈದು ವರ್ಷ ಆಯ್ತಲ್ಲ ಮೇಡಂ ಎಂದು, ಯಾರೋ ಕರೆದರೆಂದು ಹೊರಗೆ ಹೋದ.

ಶಶಿ ನನ್ನ ಮುಖ ನೋಡಿದಳು. ನನಗೆ ಗೊತ್ತಿತ್ತು ಎಂಬುದು ಅವಳಿಗೆ ಅಷ್ಟರಲ್ಲೇ ತಿಳಿಯಿತು.

ವಾಪಸು ಬರುವಾಗ ಆಟೋದಲ್ಲಿ ಹೊಳೆಯ ದಂಡೆಯ ಮಾತನ್ನೆಲ್ಲ ಇಬ್ಬರಿಗೂ ಹೇಳಿದೆ. ನಸ್ರೀನ್ ಸದ್ದಿಲ್ಲದೆ ಕಣ್ಣೊರೆಸಿಕೊಳ್ಳುತ್ತಿದ್ದಳು. ಶಶಿ ರಸ್ತೆ ನೋಡುತ್ತಿದ್ದಳು. ನಾನು ಮುಚ್ಚಿಟ್ಟಿದ್ದಕ್ಕೆ ಬೈಯುತ್ತಾಳೆಂದು ಕಾದೆ. ಮಿಲೇನಿಯಂ ಸರ್ಕಲ್ ದಾಟಿದ ಮೇಲೆ ಅವಳು ಬೇರೆಯೇ ಮಾತು ತೆಗೆದಳು. ಪ್ರತಿ ಯುಗಾದಿಗೂ ಅವಳು ಅಕ್ಕನಿಗೆಂದು ಒಂದು ಡಬ್ಬಿ ಒಬ್ಬಟ್ಟು ಕಳಿಸುತ್ತಿದ್ದಳಂತೆ. ಮೇಡಂ ತಮಗೆ ಬೇಡ, ಸಿಹಿ ತಿನ್ನಲ್ಲ ಎನ್ನುತ್ತಿದ್ದರಂತೆ.

"ರಿಟೈರಾಗೋ ಹಿಂದಿನ ವರ್ಷ, ಅಕ್ಕಂಗೆ ಸಿಹಿ ಸ್ವಲ್ಪ ಕಮ್ಮಿ ಅನ್ನಿಸ್ತಂತೆ ಅಂತ ಸಂಕೋಚದಲ್ಲಿ ಹೇಳಿದ್ರು ಕಣೇ," ಎಂದಳು. "ಆಮೇಲಿಂದ ನಾನು ಬೆಲ್ಲ ಜಾಸ್ತಿ ಹಾಕ್ತಿದ್ದೆ."